ಬುಧವಾರದ ಪೀರಿಯಡ್

ಜೂನ್ ೧೪

ಪ್ರೀತಿಯ ಅತ್ತಿಗೆಗೆ,

ಚೀಟಿ ಎತ್ತಿದ್ದಾಯ್ತು. ಕಂಪ್ಯೂಟರ್‌ಗೆ ಹೇಳಿದ್ದರೆ ಕಣ್ಣು ಮುಚ್ಚಿ ತೆರೆಯೋದರೊಳಗೆ ಮಾಡಿಕೊಡ್ತಿತ್ತು. ಆದರೆ ಹೆಡ್‌ಮಾಸ್ಟರುಗಳು ನಂಬಬೇಕಲ್ಲ. ಅದಕ್ಕೇ ಬಿಸ್ಕತ್ತಿನ ಡಬ್ಬಿಗೆ ನಲವತ್ತು ಶಾಲೆಗಳ ಹೆಸರು ಹಾಕಿ ಎಲ್ಲರ ಎದುರಿಗೇ ಎತ್ತಿಸಿದೆ. ಅರ್ಧ ಶಾಲೆಗಳ ಎಂಟನೇ ಕ್ಲಾಸಿಗೆ ಪ್ರತಿ ಬುಧವಾರ ಮನಸ್ಸಿನ ಬಗ್ಗೆ ನೀವು ಬರೆದ ಪಾಠ. ಇನ್ನರ್ಧಕ್ಕೆ ಎಂದಿನ ಹಾಗೆ. ಪಾಠ ಸಿಗದ ಒಬ್ಬ ಹೆಡ್‌ಮಾಸ್ಟರು ಮುಖ ಊದಿಸಿಕೊಂಡು, "ಇನ್ನೊಂದ್ಸಲ ಎತ್ತಿ ಮೇಡಂ, ನಮ್ಮ ಚೀಟಿ ಡಬ್ಬಿ ತಳಕ್ಕೆ ಅಂಟ್ಕೊಂಡಿತ್ತು" ಅಂದರು. ನಾನು ಡಬ್ಬಿ ಬಗ್ಗಿಸಿ ತೋರಿಸಿದೆ. ತಳದಲ್ಲಿ ಬಿಸ್ಕತ್ತಿನ ಪುಡಿ ಬಿಟ್ಟರೆ ಏನೂ ಇರಲಿಲ್ಲ.

ಎಲ್ಲಾ ಶಾಲೆಗೂ ಕೊಟ್ಟರೆ ಏನು ಕಷ್ಟ ಅಂತ ನೀವು ಹೋದ ಸಲ ಕೇಳಿದ್ರಿ. ಮಕ್ಕಳು ಸುಮ್ಮನೆ ಬಿಟ್ಟರೂ ಬೆಳೀತಾರೆ ಅತ್ತಿಗೆ, ಬೆಳೀತಾ ಬದಲಾಗ್ತಾರೆ. ಆ ಬದಲಾವಣೆಯನ್ನ ನಮ್ಮ ಪಾಠದಿಂದ ಆಯ್ತು ಅಂತ ಹೇಳಿಕೊಳ್ಳಬಾರದಲ್ಲ. ಶುರುವಿಗೊಮ್ಮೆ, ಪಾಠ ಮುಗಿದ ಮೇಲೊಮ್ಮೆ ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆ ಕೇಳ್ತೀವಿ: ನಿದ್ದೆ ಬರುತ್ತಾ, ಊಟ ಸೇರುತ್ತಾ, ಅಳು ಬರುತ್ತಾ, ಯಾರ ಜೊತೆನೂ ಮಾತು ಬೇಡ ಅನಿಸುತ್ತಾ. ಆಮೇಲೆ ಎರಡು ಗುಂಪನ್ನ ಅಕ್ಕಪಕ್ಕ ಇಟ್ಟು ನೋಡ್ತೀವಿ.

ಅಚ್ಚಾದ ಪುಸ್ತಕ ಬಂದಿದೆ. ಮೊದಲ ಹಾಳೆಯಲ್ಲಿ "ನಮ್ಮ ಜೀರುಂಡೆಗೆ" ಅಂತ ಇರೋದು ನೋಡಿ ಹೊಸದಾಗಿ ಸೇರಿದ ಸಹಾಯಕಿ, "ಮೇಡಂ, ಹುಳುವಿನ ಪಾಠನೂ ಇದೆಯಾ?" ಅಂದಳು. ನನ್ನ ಅಣ್ಣನ ಮಗಳು ಅಂದೆ. ಬಾಯಿ ಮುಚ್ಚದೆ ಮಾತಾಡ್ತಿದ್ದಳು, ಅದಕ್ಕೆ ಆ ಹೆಸರು ಅಂದೆ. ಹದಿನಾರು ತುಂಬೋ ಮೊದಲೇ ಮಾತು ನಿಲ್ಲಿಸಿದಳು, ಆಮೇಲೆ ತಾನಾಗೇ ಹೋಗಿಬಿಟ್ಟಳು ಅಂದೆ. ಆ ಹುಡುಗಿ ಪುಸ್ತಕವನ್ನ ಮೆಲ್ಲಗೆ ಮುಚ್ಚಿಟ್ಟಳು. ಜೀರುಂಡೆ ಹೋದ ಮರುವರ್ಷವೇ ಕೂತು ಅವಳ ಅಮ್ಮ ಬರೆದ ಪಾಠ ಇದು ಅಂತ ಹೇಳದೆ, ಉಳಿದ ಪುಸ್ತಕಗಳನ್ನ ಎಣಿಸೋಕೆ ಶುರು ಮಾಡಿದೆ.

ಫೋನ್ ಮಾಡಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಫೋನಲ್ಲಿ ನಾನು ಅಳ್ತೀನಿ, ನಾನು ಅತ್ತರೆ ನೀವು ಅಳ್ತೀರಿ, ಕೆಲಸದ ಮಾತು ಹಾಗೇ ಉಳಿದುಹೋಗುತ್ತೆ. ಕಾಗದವೇ ವಾಸಿ.

ಅಣ್ಣನಿಗೆ ರಿಪೇರಿಗೆ ಅಂತ ಲಿಫ್ಟಿನ ಮೇಲೆ ಹತ್ತೋವಾಗ ಬೆಲ್ಟ್ ಹಾಕ್ಕೊಳ್ಳೋಕೆ ಹೇಳಿ.

ನಿಮ್ಮ
ಗಿಡ್ಡಿ


ಜುಲೈ ೨೯

ಗಿಡ್ಡಿ,

ನಿನ್ನ ಕಾಗದ ಬಂದ ದಿನವೇ ಉತ್ತರ ಬರೆಯಬೇಕು ಅಂದುಕೊಂಡೆ. ಟೀಚರುಗಳ ತರಬೇತಿ ನನ್ನ ಜೀವ ಹಿಂಡಿಬಿಟ್ಟಿತು. ಬಂದವರಲ್ಲಿ ಅರ್ಧ ಜನಕ್ಕೆ ಮೇಲಿನಿಂದ ಆದೇಶ ಬಂದಿದೆ ಅಂತ ಸಿಟ್ಟು. ಒಬ್ಬ ಡ್ರಿಲ್ ಮಾಸ್ಟರು ಕೈಕಟ್ಟಿ ನಿಂತು, "ಮಕ್ಕಳಿಗೆ ಮನಸ್ಸು ಅಂತ ಒಂದಿದೆ ಅಂತ ನಾವೇ ನೆನಪು ಮಾಡಿಕೊಟ್ಟರೆ ನಾಳೆ ಮಾತು ಕೇಳ್ತಾವಾ ಮೇಡಂ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಪಾಠ ಶುರು ಮಾಡುವ ರೀತಿ ತೋರಿಸಿದೆ. ಅಂಗೈ ಚಾಚಬೇಕು. ಇವತ್ತು ನಿನ್ನ ಮನಸ್ಸು ಎಷ್ಟು ಭಾರ? ಹತ್ತಿಯಷ್ಟಾ, ಪುಸ್ತಕದಷ್ಟಾ, ಕಲ್ಲಿನಷ್ಟಾ? ಮಕ್ಕಳ ಬದಲು ಟೀಚರುಗಳೇ ಕೈ ಚಾಚಿ ನಿಂತರು. ಮುಂದಿನ ಸಾಲಿನಲ್ಲಿದ್ದ ಗಣಿತದ ಟೀಚರು ಒಬ್ಬರು ಅಂಗೈ ನೋಡುತ್ತ ನೋಡುತ್ತ ಅಳೋಕೆ ಶುರು ಮಾಡಿದರು. "ನನ್ನನ್ನ ಯಾರೂ ಹೀಗೆ ಕೇಳೇ ಇರಲಿಲ್ಲ" ಅಂದರು. ಡ್ರಿಲ್ ಮಾಸ್ಟರು ಕಟ್ಟಿದ ಕೈ ಬಿಚ್ಚಿದರು.

ಮನೆಗೆ ಬಂದು ನಿಮ್ಮಣ್ಣನಿಗೆ ಹೇಳಿದೆ. "ನನ್ನದು ಲಿಫ್ಟಿನಷ್ಟು. ಎಂಟು ಜನ, ಐನೂರ ನಲವತ್ತನಾಲ್ಕು ಕೇಜಿ" ಅಂದರು. ಎರಡು ವರ್ಷದ ಮೇಲೆ ಮೊದಲ ಸಲ ನಮ್ಮ ಅಡುಗೆಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕಿದ್ದು. ನಕ್ಕ ಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಇಲಾಖೆಯ ಹಿರಿಯ ಅಧಿಕಾರಿ ತರಬೇತಿಗೆ ಬಂದಿದ್ದರು. ಫಲಿತಾಂಶ ಬರಲಿ, ಮುಂದಿನ ವರ್ಷ ಎಲ್ಲ ಶಾಲೆಗೂ ಕೊಡೋಣ ಅಂದರು. ಎಲ್ಲ ಶಾಲೆಗೂ! ನೀನು ಹುಬ್ಬು ಗಂಟು ಹಾಕಿಕೊಂಡು, ಫಲಿತಾಂಶ ಬರೋ ಮೊದಲೇ ಕುಣೀಬೇಡಿ ಅತ್ತಿಗೆ ಅನ್ನುತ್ತೀಯ, ಗೊತ್ತು. ಕುಣಿಯುತ್ತಿಲ್ಲ. ಆದರೆ ಒಂದು ಹೇಳುತ್ತೇನೆ. ಅವಳು ಹೇಳಲಿಲ್ಲ ಗಿಡ್ಡಿ. ಬಸ್ಸಿನಲ್ಲಿ ಕಂಡಿದ್ದು, ಕನಸಿನಲ್ಲಿ ಕಂಡಿದ್ದು, ಪಕ್ಕದ ಮನೆಯವರ ಸೊಸೆ ಯಾವ ಸೋಪು ಹಾಕುತ್ತಾಳೆ ಅನ್ನೋದು, ಎಲ್ಲ ಹೇಳುತ್ತಿದ್ದ ಮಗು ಅದೊಂದನ್ನ ಮಾತ್ರ ಹೇಳಲಿಲ್ಲ. ಹೇಳೋದು ಹೇಗೆ ಅಂತ ಅವಳಿಗೆ ಯಾರೂ ಕಲಿಸಿರಲಿಲ್ಲ. ಇಷ್ಟು ಶಾಲೆಯಲ್ಲಿ ಒಂದು ಮಗು ಒಬ್ಬರ ಹತ್ತಿರ ಬಾಯಿಬಿಟ್ಟರೆ ನನಗೆ ಸಾಕು.

ಕೊನೆಯ ಪಾಠವನ್ನ ಸ್ವಲ್ಪ ತಿದ್ದಿ, ಅಚ್ಚಾದ ಪುಸ್ತಕಕ್ಕೆ ಅಂಟಿಸೋಕೆ ಟೀಚರುಗಳಿಗೆ ಹಾಳೆ ಕೊಟ್ಟಿದ್ದೇನೆ. ಕಷ್ಟ ಬಂದಾಗ ಹೇಳಿಕೊಳ್ಳಬಹುದಾದ ಒಬ್ಬ ದೊಡ್ಡವರ ಹೆಸರನ್ನ ಪ್ರತಿ ಮಗುವೂ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಚೆನ್ನಾಗಿದೆ ಅಲ್ವಾ?

ತಲೆಗೆ ಎಣ್ಣೆ ಹಚ್ಚುತ್ತಿದ್ದೀಯಾ? ನಿನ್ನ ಕೂದಲು ನಾನು ಬಾಚೋ ಕಾಲದಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ನೋಡಿಕೋ.

ಅತ್ತಿಗೆ


ಜನವರಿ ೨೦

ಗಿಡ್ಡಿ,

ಡಿಸೆಂಬರಿನಲ್ಲೇ ಪಾಠ ಮುಗಿದು ಕೊನೆಯ ಪ್ರಶ್ನೆಗಳನ್ನೂ ಕೇಳಿದ್ದಾಯಿತು ಅಂತ ಇಲ್ಲಿನ ಟೀಚರುಗಳು ಹೇಳಿದರು. ನಿನ್ನಿಂದ ಮಾತ್ರ ಸುದ್ದಿಯೇ ಇಲ್ಲ. ಹುಷಾರಾಗಿದ್ದೀಯಾ? ಲೆಕ್ಕ ಅಂದರೆ ಸಮಯ ಹಿಡಿಯುತ್ತದೆ ಅಂತ ನಿಮ್ಮಣ್ಣ ಹೇಳುತ್ತಾರೆ. ಅವರಿಗೇನು, ಗುಂಡಿ ಒತ್ತಿದರೆ ಮೇಲೆ ಹೋಗೋದಷ್ಟೇ ಗೊತ್ತು.

ಇಲಾಖೆಯವರು ಹೊಸ ಪುಸ್ತಕಗಳನ್ನ ಅಚ್ಚಿಗೆ ಕೊಟ್ಟೇಬಿಟ್ಟಿದ್ದಾರಂತೆ. ಜುಲೈ ಸಭೆಯಲ್ಲಿ ನಾನು ಎರಡು ಮಾತಾಡಬೇಕಂತೆ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. "ನನ್ನ ಮಗಳು" ಅನ್ನೋ ಹತ್ತಿರ ಬಂದ ಕೂಡಲೇ ನಿಂತುಬಿಡುತ್ತೇನೆ. ಜುಲೈ ಹೊತ್ತಿಗೆ ರೂಢಿಯಾಗುತ್ತದೆ.

ಒಂದು ಸಾಲಾದರೂ ಬರಿ.

ಅತ್ತಿಗೆ


ಫೆಬ್ರವರಿ ೧೧

ಅತ್ತಿಗೆ,

ಅಣ್ಣ ಮನೇಲಿರೋವಾಗ ಓದಿ ಇದನ್ನ.

ಲೆಕ್ಕ ಹಾಕೋರಿಗೆ ಯಾವ ಗುಂಪು ಯಾವುದು ಅಂತ ಗೊತ್ತಿರಬಾರದು. ಗೊತ್ತಿದ್ದರೆ ಆಸೆ ಲೆಕ್ಕದೊಳಗೆ ನುಸುಳುತ್ತೆ. ಅದಕ್ಕೆ ಒಂದಕ್ಕೆ ಹಳದಿ, ಇನ್ನೊಂದಕ್ಕೆ ನೀಲಿ ಅಂತ ಹೆಸರಿಟ್ಟಿದ್ವಿ. ಯಾವುದು ಯಾವುದು ಅಂತ ನನಗೂ ಗೊತ್ತಿರಲಿಲ್ಲ. ನಮ್ಮ ಲೆಕ್ಕದವಳು ಹಾಳೆಗಳನ್ನ ತಂದು ನನ್ನ ಮೇಜಿನ ಮೇಲೆ ಹರಡಿದಳು. ಬಹುಪಾಲು ಮಕ್ಕಳಲ್ಲಿ ಹಳದಿಗೂ ನೀಲಿಗೂ ಏನೂ ವ್ಯತ್ಯಾಸ ಇಲ್ಲ. ಪಾಠದಿಂದ ಏನೂ ಆಗಿಲ್ಲ ಅಂತ ಬರ್ಕೊಂಡೆ. ಆದರೆ ಅವಳು ಇನ್ನೊಂದು ಹಾಳೆ ತೆಗೆದಳು. ವರ್ಷದ ಶುರುವಿನಲ್ಲೇ ಮನಸ್ಸು ಕುಗ್ಗಿದ್ದ ಮಕ್ಕಳನ್ನ ಬೇರೆ ಮಾಡಿ ನೋಡಿದ್ದಳು. ನೀಲಿಯ ಮಕ್ಕಳು ತಮ್ಮ ಪಾಡಿಗೆ ತಾವು ಒಂಚೂರು ಚೇತರಿಸಿಕೊಂಡಿದ್ದರು. ಹಳದಿಯವರು ಇನ್ನಷ್ಟು ಕುಗ್ಗಿದ್ದರು.

ಹಳದಿ ಪಾಠ ಇಲ್ಲದವರಾಗಿರಲಿ ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಬ್ಬ ಸಂಶೋಧಕಿ ಬೇಡಿಕೊಳ್ಳಬಾರದು. ಬೇಡಿಕೊಂಡೆ.

ಹಳದಿ ನಮ್ಮದು ಅತ್ತಿಗೆ.

ಅದಕ್ಕೇ ಇಷ್ಟು ದಿನ ಬರೀಲಿಲ್ಲ. ಎಲ್ಲೋ ತಪ್ಪಿರಬೇಕು ಅಂತ ಮತ್ತೆ ಮತ್ತೆ ಲೆಕ್ಕ ಹಾಕಿಸಿದೆ. ಹುಡುಗರು ಬೇರೆ ಹುಡುಗಿಯರು ಬೇರೆ, ದೊಡ್ಡ ಶಾಲೆ ಬೇರೆ ಚಿಕ್ಕ ಶಾಲೆ ಬೇರೆ, ಚೆನ್ನಾಗಿ ಪಾಠ ಮಾಡಿದ ಟೀಚರು ಬೇರೆ ಕಾಟಾಚಾರಕ್ಕೆ ಮಾಡಿದವರು ಬೇರೆ. ಹೇಗೆ ತಿರುಗಿಸಿದರೂ ಅದೇ ಬಂತು. ಚೆನ್ನಾಗಿ ಮಾಡಿದ ಕಡೆಯಲ್ಲೂ ಅದೇ ಬಂತು. ಬೇರೆಯವರಿಂದಲೂ ಹಾಕಿಸಿದೆ. ಲೆಕ್ಕದವಳು ಕೊನೆಗೆ ನನ್ನ ಕೈಯಿಂದ ಪೆನ್ನು ಕಿತ್ಕೊಂಡು, "ಮನೆಗೆ ಹೋಗಿ ಮೇಡಂ" ಅಂದಳು.

ಬಹಳ ಅಲ್ಲ, ಸ್ವಲ್ಪ. ಆದರೆ ಮೊದಲೇ ಕುಗ್ಗಿದ ಮಗುವಿಗೆ ಸ್ವಲ್ಪ ಅನ್ನೋದು ಎಷ್ಟು ಅಂತ ನಿಮಗೂ ನನಗೂ ಯಾರೂ ಹೇಳಿಕೊಡಬೇಕಿಲ್ಲ. ಹೀಗೆ ಕುಗ್ಗಿದ ಮಕ್ಕಳ ಮನೆಯವರಿಗೆಲ್ಲ ಹೇಳಿ, ಆಸ್ಪತ್ರೆಯ ಸಲಹೆಗಾರರನ್ನ ಜೊತೆ ಮಾಡಿದ್ದೀವಿ. ವರದಿಯನ್ನ ಇಲಾಖೆಗೆ ಕಳಿಸಲೇಬೇಕು. ಪಾಠ ನಿಲ್ಲಿಸಿ ಅಂತ ಬರೀಲೇಬೇಕು. ನಿಮಗೆ ಹೇಳದೆ ಅವರಿಗೆ ಹೇಳೋದು ನನ್ನಿಂದ ಆಗಲ್ಲ.

ನಿಮ್ಮ ಪಾಠದಲ್ಲಿ ಒಂದು ಸುಳ್ಳು ಮಾತಿಲ್ಲ, ಪ್ರೀತಿ ಇಲ್ಲದ ಒಂದು ಸಾಲಿಲ್ಲ. ಆದರೂ ಹೀಗಾಗಿದೆ. ಯಾಕೆ ಅಂತ ನನಗಿನ್ನೂ ಗೊತ್ತಿಲ್ಲ. ತಿಳ್ಕೋತೀನಿ.

ಬೈಯಿರಿ ಅತ್ತಿಗೆ. ಸುಮ್ಮನಿರಬೇಡಿ.

ಗಿಡ್ಡಿ


ಫೆಬ್ರವರಿ ೧೯

ಮಾನ್ಯ ಸಂಶೋಧಕರಿಗೆ,

ತಮ್ಮ ಪತ್ರ ತಲುಪಿತು. ಅದರಲ್ಲಿನ ವಿಷಯ ತಿಳಿಯಿತು.

ಮಕ್ಕಳ ದುಃಖವನ್ನು ಹಳದಿ, ನೀಲಿ ಎಂದು ವಿಂಗಡಿಸುವ ವಿದ್ಯೆ ನನಗೆ ತಿಳಿಯದು. ನಾನು ಪಾಠ ನೋಡಲು ಹೋದ ಶಾಲೆಗಳಲ್ಲಿ, ಪಾಠ ಮುಗಿದ ಮೇಲೆ ಕಾರಿಡಾರಿನಲ್ಲಿ ಓಡಿಬಂದು ನನ್ನ ಕೈ ಹಿಡಿದುಕೊಂಡು ಅತ್ತ ಮಕ್ಕಳು ತಮ್ಮ ಲೆಕ್ಕದಲ್ಲಿ ಯಾವ ಬಣ್ಣದವರು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಅವರು ಬಾಯಿಬಿಟ್ಟು ಅತ್ತರು. ಅಳದೆ ಇದ್ದವಳ ಗತಿ ಏನಾಯಿತು ಎಂಬುದು ತಮಗೂ ತಿಳಿದಿದೆ. ತಾವೂ ಅಂದು ನಮ್ಮ ಮನೆಯಲ್ಲೇ ಇದ್ದಿರಿ.

ನನ್ನ ಮಗಳು ಹೋದ ಮೇಲೂ ಆ ಪುಸ್ತಕದ ಮೊದಲ ಪುಟದಲ್ಲಿ ಕುಳಿತು ಬುಧವಾರ ಬುಧವಾರ ಇಪ್ಪತ್ತು ಶಾಲೆಗೆ ಹೋಗಿ ಬರುತ್ತಿದ್ದಳು. ಅವಳು ಹೋದ ಕಡೆಯೆಲ್ಲ ಮಕ್ಕಳಿಗೆ ಕೇಡಾಯಿತು ಎಂದು ತಾವು ಬರೆದಿದ್ದೀರಿ. ಓದಿಕೊಂಡೆ.

ತಾವು ವರದಿಯನ್ನು ಯಾರಿಗೆ ಬೇಕಾದರೂ ಕಳಿಸಿಕೊಳ್ಳಬಹುದು. ಇನ್ನು ಮುಂದೆ ನನಗೆ ಪತ್ರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಇಂತಿ ತಮ್ಮ ವಿಶ್ವಾಸಿ,
ಎಂಟನೇ ತರಗತಿಯ ಭಾಷಾ ಶಿಕ್ಷಕಿ


ಮಾರ್ಚ್ ೮

ಗಿಡ್ಡೀ,

ನನಗೆ ಕಾಗದ ಬರೆದು ರೂಢಿ ಇಲ್ಲ, ನಿನಗೆ ಗೊತ್ತು. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿಮ್ಮ ಅತ್ತಿಗೆ ನಿನಗೆ ಏನು ಬರೆದಳೋ ನಾನು ನೋಡಿಲ್ಲ. ಪೋಸ್ಟ್ ಡಬ್ಬಿಗೆ ಹಾಕಿ ಬಂದವಳು ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕೂತಿದ್ದಳು. ಅದರಲ್ಲೇ ಅಂದಾಜಾಯ್ತು.

ಸ್ಕೂಲಿಗೆ ಹೋಗ್ತಾಳೆ, ಬರ್ತಾಳೆ. ಮಕ್ಕಳ ಮುಖ ನೋಡದೆ ಪುಸ್ತಕ ಓದಿ ಮುಗಿಸಿ ಬರ್ತಾಳಂತೆ. ಅವಳ ಜೊತೆಯ ಟೀಚರು ದಾರೀಲಿ ಸಿಕ್ಕಾಗ ಹೇಳಿದರು. ಹೋದ ಸೋಮವಾರ ಬೆಳಿಗ್ಗೆ ನಾನು ಶೂ ಲೇಸ್ ಕಟ್ಟಿಕೊಳ್ತಾ ಇದ್ದೆ, ಬಂದು ಎದುರಿಗೆ ನಿಂತಳು. "ರೀ, ನಾನು ಮಕ್ಕಳಿಗೆ ಕೆಟ್ಟದ್ದು ಮಾಡಿದ್ನಾ?" ಅಂದಳು. ನಾನು ಇಲ್ಲ ಅಂದೆ. "ಹಾಗಾದ್ರೆ ಗಿಡ್ಡಿ ಸುಳ್ಳು ಹೇಳ್ತಾಳಾ?" ಅಂದಳು. ಅದಕ್ಕೂ ಇಲ್ಲ ಅಂದೆ. ಎರಡಕ್ಕೂ ಇಲ್ಲ ಅಂದರೆ ಹೇಗೆ ಅಂತ ಒಳಗೆ ಹೋದಳು. ನಾನು ಕಟ್ಟಿದ ಲೇಸನ್ನೇ ಬಿಚ್ಚಿ ಇನ್ನೊಂದು ಸಲ ಕಟ್ಟಿದೆ. ಬೇರೇನು ಮಾಡಲಿ ಹೇಳು.

ನೀನು ಮಾಡಿದ್ದು ತಪ್ಪು ಅಂತ ನಾನು ಅನ್ನಲ್ಲ. ನೀನು ಚಿಕ್ಕವಳಿದ್ದಾಗಲೂ ಆಟದಲ್ಲಿ ಒಂದು ಅಂಕ ಅತ್ತಿತ್ತ ಆಗೋಕೆ ಬಿಡ್ತಿರಲಿಲ್ಲ, ಸೋಲೋಳು ನೀನೇ ಆದರೂ. ಆದರೆ ಇದು ಅವಳಿಗೆ ಆಟ ಅಲ್ಲ. ಮಗು ಹೋದ ಮೇಲೆ ನಾನು ಮಾತು ಬಿಟ್ಟೆ. ಅವಳಿಗೆ ಮಾತಾಡೋಕೆ ಉಳಿದಿದ್ದು ಆ ಪಾಠ ಒಂದೇ.

ಬರೀಬೇಡ ಅಂತ ಅವಳು ಹೇಳಿರಬಹುದು. ನೀನು ಬರಿ. ಬಂದ ಕಾಗದವನ್ನ ಅವಳು ಎಸೆಯೋ ಪೈಕಿ ಅಲ್ಲ.

ಬೆಲ್ಟ್ ಹಾಕ್ಕೋತಿದೀನಿ.

ಅಣ್ಣ


ಏಪ್ರಿಲ್ ೧೭

ಅತ್ತಿಗೆ,

ಬರೀಬೇಡಿ ಅಂದಿದ್ರಿ. ಆದರೂ ಬರೀತಿದೀನಿ. ಯಾಕೆ ಹೀಗಾಯ್ತು ಅಂತ ತಿಳ್ಕೋತೀನಿ ಅಂದಿದ್ದೆ. ಪಾಠ ಕೇಳಿದ ಮೇಲೆ ಇನ್ನಷ್ಟು ಕುಗ್ಗಿದ ಕೆಲವು ಮಕ್ಕಳನ್ನ, ಮನೆಯವರ ಒಪ್ಪಿಗೆ ಪಡೆದು, ಮಕ್ಕಳ ಒಪ್ಪಿಗೆನೂ ಪಡೆದು, ಒಬ್ಬೊಬ್ಬರನ್ನೇ ಮಾತಾಡಿಸಿದೆ. ಒಬ್ಬಳ ಮಾತನ್ನ ನಿಮಗೆ ಹೇಳಬೇಕು. ಯಾವ ಶಾಲೆ, ಯಾರ ಮಗಳು ಅಂತ ಹೇಳೋ ಹಾಗಿಲ್ಲ. ಪಾಠ ಬರೆದವರಿಗೆ ನಿನ್ನ ಮಾತು ತಿಳಿಸಲಾ ಅಂತ ಅವಳನ್ನೇ ಕೇಳಿದೆ. ತಿಳಿಸಿ ಅಂದಳು.

ಶಾಲೆಯ ಲೈಬ್ರರಿಯಲ್ಲಿ ಕೂತಿದ್ವಿ. ಬುಧವಾರದ ಕ್ಲಾಸು ಹೇಗಿತ್ತು ಅಂದೆ. ಚೆನ್ನಾಗಿತ್ತು ಮಿಸ್ ಅಂದಳು. ಮಕ್ಕಳು ಎಲ್ಲದಕ್ಕೂ ಮೊದಲು ಹಾಗೇ ಹೇಳೋದು. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡ್ತಿದ್ದವಳು ಆಮೇಲೆ ತಾನೇ ಹೇಳಿದಳು.

"ಮಂಗಳವಾರದಿಂದಲೇ ಹೊಟ್ಟೆ ನೋಯೋದು ಮಿಸ್."

"ಯಾಕಮ್ಮ?"

"ಬೇರೆ ದಿನ ಮರ್ತಿರ್ತೀನಿ. ಆಟ ಆಡ್ತಾ, ಲೆಕ್ಕ ಮಾಡ್ತಾ. ಬುಧವಾರ ಎಷ್ಟು ಭಾರ ಅಂತ ಕೇಳ್ತಾರಲ್ಲ, ಆಗ ಒಳಗೆ ನೋಡ್ಕೋಬೇಕಾಗುತ್ತೆ. ನೋಡ್ಕೊಂಡ ಮೇಲೆ ಅದು ವಾಪಸ್ ಹೋಗಲ್ಲ. ಬೆಲ್ ಹೊಡೆಯುತ್ತೆ, ವಿಜ್ಞಾನದ ಸರ್ ಬರ್ತಾರೆ, ಅದು ಹಾಗೇ ಇರುತ್ತೆ."

ಯಾರಿಗಾದರೂ ಹೇಳಿದ್ಯಾ ಅಂದೆ. ಅವಳು ನನ್ನ ಮುಖ ನೋಡಿ, ಇವರಿಗೆ ಇಷ್ಟೂ ಗೊತ್ತಾಗಲ್ವಾ ಅನ್ನೋ ಹಾಗೆ ಬಿಡಿಸಿ ಹೇಳಿದಳು.

"ಕೊನೇ ಪಾಠದಲ್ಲಿ ಒಬ್ಬರ ಹೆಸರು ಬರೀರಿ ಅಂದ್ರಲ್ಲ ಮಿಸ್, ಹೇಳ್ಕೊಳ್ಳೋಕೆ ಇರೋ ದೊಡ್ಡವರದು. ಎಲ್ಲರೂ ಟಕಟಕ ಬರೆದ್ರು. ನಾನು ಯೋಚನೆ ಮಾಡ್ದೆ. ಅಪ್ಪ ಇಲ್ಲ. ಅಮ್ಮನಿಗೆ ಅವಳದೇ ಸಾಕಾಗಿದೆ. ಚಿಕ್ಕಮ್ಮನಿಗೆ ಹೇಳಿದ್ರೆ ಊರಿಗೆಲ್ಲ ಹೇಳ್ತಾಳೆ. ಟೀಚರಿಗೆ ನನ್ನ ಹೆಸರೇ ಸರಿಯಾಗಿ ಗೊತ್ತಿಲ್ಲ. ಅಲ್ಲೀವರೆಗೂ ನನಗೆ ಯಾರೂ ಇಲ್ಲ ಅಂತ ನನಗೆ ಗೊತ್ತಿರ್ಲಿಲ್ಲ."

"ಮತ್ತೆ ಏನು ಬರೆದೆ?"

"ಪಕ್ಕದೋಳದು ನೋಡ್ಕೊಂಡು ಬರೆದೆ. ಅವಳ ಸೋದರಮಾವನ ಹೆಸರು."

ಅತ್ತಿಗೆ, ಮಕ್ಕಳಿಗೆ ಪ್ರಶ್ನೆ ಕೇಳೋದೇ ನನ್ನ ಕಸುಬು. ಅವತ್ತು ಪ್ರಶ್ನೆಗಳ ಹಾಳೆ ಮಡಚಿ ಬ್ಯಾಗಿಗೆ ಹಾಕ್ಕೊಂಡೆ. ಆ ಮಗು ಈಗ ಒಂಟಿಯಾಗಿಲ್ಲ. ನಮ್ಮ ಸಲಹೆಗಾರ್ತಿ ವಾರ ವಾರ ಹೋಗಿ ಬರ್ತಾಳೆ, ತಾಯಿಯ ಜೊತೆಯೂ ಮಾತಾಡಿದ್ದಾಳೆ. ಸಲಹೆಗಾರ್ತಿ ಒಳ್ಳೆಯವಳು, ಅವಸರ ಮಾಡೋಳಲ್ಲ. ಅಷ್ಟು ನೆಮ್ಮದಿ ನಿಮಗೆ ಇರಲಿ.

ಬರೀ ಸಂಖ್ಯೆ ಕಳಿಸಿ ಮಗುವನ್ನ ನಿಮ್ಮಿಂದ ಬಚ್ಚಿಡೋದು ನ್ಯಾಯ ಅಲ್ಲ ಅನಿಸ್ತು. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ. ನಿಮ್ಮ ಕ್ಲಾಸಿನ ಮಕ್ಕಳ ಮುಖ ನೋಡಿ ಪಾಠ ಮಾಡಿ ಅತ್ತಿಗೆ. ಅವರೇನು ಮಾಡಿದ್ದಾರೆ ಪಾಪ.

ಗಿಡ್ಡಿ


ಜುಲೈ ೨೨

ಗಿಡ್ಡಿ,

ನಿನ್ನೆ ಇಲಾಖೆಯ ಸಭೆಗೆ ಹೋಗಿದ್ದೆ. ನಿನ್ನನ್ನ ಕರೆದೇ ಇಲ್ಲ ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ನಿನ್ನ ವರದಿ ಫೈಲಿನ ತಳದಲ್ಲಿತ್ತು. ಮೇಲೆ ಹೂವಿನ ಗುಚ್ಛ ಇಟ್ಟಿದ್ದರು, ನನಗೆ ಕೊಡೋಕೆ. ಗೋಡೆಯ ಪಕ್ಕ ಹೊಸ ಪುಸ್ತಕದ ಕಟ್ಟುಗಳು ನನ್ನ ಎದೆ ಮಟ್ಟಕ್ಕೆ.

ನಾನು ಮಾತಾಡೋ ಮೊದಲೇ ಹಿರಿಯ ಅಧಿಕಾರಿ ಎದ್ದು, ಸಂಶೋಧನೆಯವರು ಏನೇನೋ ಬರೆದಿದ್ದಾರೆ, ಇಂಥ ಒಳ್ಳೆ ಕೆಲಸ ಅದಕ್ಕೆಲ್ಲ ನಿಲ್ಲಬಾರದು ಅಂದರು. "ಆ ವರದಿಯನ್ನ ಓದಿ ಸರ್" ಅಂದೆ. ಅವರು ನಕ್ಕು, "ಫಲಿತಾಂಶದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತೆ ಮೇಡಂ" ಅಂದರು.

ಹೆಚ್ಚುಕಡಿಮೆ. ನಮ್ಮ ಮನೆಯಲ್ಲಿ ಆಗಿದ್ದನ್ನೂ ನೆಂಟರೆಲ್ಲ ಹಾಗೇ ಅಂದಿದ್ದರು, ಬಾಗಿಲ ಹತ್ತಿರ ದನಿ ತಗ್ಗಿಸಿ. "ಮಗು ಏನೋ ಹೆಚ್ಚುಕಡಿಮೆ ಮಾಡ್ಕೊಂಡುಬಿಟ್ಟಿತಂತೆ."

ನಾನು ಎದ್ದು ನಿಂತೆ. "ಸರ್, ಇದರಲ್ಲಿ ಯಾವ ಮಗು ಹೆಚ್ಚು, ಯಾವ ಮಗು ಕಡಿಮೆ?" ಅಂದೆ. ಪಾಠ ಬರೆದವಳು ನಾನು, ನನ್ನ ಮಗಳ ಹೆಸರಿನಲ್ಲಿ ಬರೆದೆ, ನಾನೇ ಬೇಡ ಅನ್ನುತ್ತಿದ್ದೇನೆ ಅಂದೆ. "ನನ್ನ ಮಗಳು" ಅನ್ನೋ ಹತ್ತಿರ ಈ ಸಲ ನಿಲ್ಲಲಿಲ್ಲ. ಮತ್ತೆ ಈ ಪುಸ್ತಕಗಳನ್ನ ಏನು ಮಾಡೋದು ಮೇಡಂ ಅಂತ ಒಬ್ಬರು ಕೇಳಿದರು. ರದ್ದಿಗೆ ಹಾಕಿ ಅಂದೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ನಿಮ್ಮಣ್ಣ ಗೇಟಿನ ಹತ್ತಿರ ಕಾಯುತ್ತಿದ್ದವರು ಬಂದು ಪಕ್ಕದಲ್ಲಿ ಕೂತರು. "ಮಗು ಇದ್ದಿದ್ದರೆ ಬೈತಿತ್ತು, ಇಬ್ಬರೂ ಬಿಸಿಲಲ್ಲಿ ಯಾಕೆ ಕೂತಿದ್ದೀರಿ ಅಂತ" ಅಂದರು. ಅಷ್ಟು ಹೇಳಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವಳು ಹೋದ ದಿನವೂ ಅತ್ತಿರಲಿಲ್ಲ ಅವರು. ಜನ ನಮ್ಮನ್ನ ಸುತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಅಳಲಿ ಅಂತ ಬಿಟ್ಟೆ.

ನಿನ್ನ ಏಪ್ರಿಲ್ ಕಾಗದವನ್ನ ಸ್ಟಾಫ್ ರೂಮಿನಲ್ಲಿ ಓದಿದ್ದೆ. ಆ ಹುಡುಗಿಯ ಮಾತು ಓದಿದ ಮೇಲೆ ನಾನೇ ಬರೆದ ಕೊನೆಯ ಪಾಠ ತೆಗೆದು, ನಾನೇ ಒಂದು ಹೆಸರು ಬರೆಯೋಕೆ ಕೂತೆ. ಮೊದಲು ಬಂದಿದ್ದು ನಿನ್ನ ಹೆಸರು. ಅದನ್ನೂ ಬರೆಯಲಾಗಲಿಲ್ಲ. ಮಕ್ಕಳಿಗೆ ಅದೆಷ್ಟು ಸುಲಭವಾಗಿ ಬರೀರಿ ಅಂದುಬಿಟ್ಟೆ ಗಿಡ್ಡಿ. ಅದು ಮಕ್ಕಳಿಗೆ ಬರೆದ ಪಾಠವೇ ಅಲ್ಲ ಅಂತ ಈಗ ಅನಿಸುತ್ತದೆ. ಹೋದವಳ ಹಿಂದೆ ಓಡುತ್ತ, ಹೇಳು, ಹೇಳೇ, ಹೇಳಮ್ಮ ಅಂತ ನಾನು ಕೂಗುತ್ತಿದ್ದೆ. ಅಷ್ಟೂ ಶಾಲೆಯ ಮಕ್ಕಳು ಬೆಚ್ಚಿ ನನ್ನ ಕಡೆ ತಿರುಗಿದರು. ಅವಳು ಮಾತ್ರ ತಿರುಗಲಿಲ್ಲ.

ನೀನು ಸರಿ. ಇದನ್ನ ಬರೆಯೋಕೆ ನನಗೆ ಐದು ತಿಂಗಳು ಬೇಕಾಯಿತು.

ಒಂದು ಮಾತು ಕೇಳು, ಬೇಜಾರು ಮಾಡಿಕೊಳ್ಳಬೇಡ. ಈ ರಜೆಗೆ ಮನೆಗೆ ಬರಬೇಡ. ನಿನ್ನ ಮೇಲೆ ಕೋಪ ಇಲ್ಲ. ನಿನ್ನನ್ನ ನೋಡಿದರೆ ಅವಳು ಎರಡನೇ ಸಲ ಹೋದ ಹಾಗಾಗುತ್ತದೆ, ಅದನ್ನ ತಡೆದುಕೊಳ್ಳೋ ಶಕ್ತಿ ಸದ್ಯ ನನಗಿಲ್ಲ. ಯಾವಾಗ ಬರುತ್ತದೋ ಗೊತ್ತಿಲ್ಲ. ಬಾರದೆಯೂ ಹೋಗಬಹುದು. ಸುಳ್ಳು ಭರವಸೆ ಕೊಡೋದಿಲ್ಲ.

ಆದರೆ ಬರೆಯುತ್ತಿರು. ಶಾಲೆ, ಮಕ್ಕಳು, ಲೆಕ್ಕ ಬೇಡ. ಏನು ತಿಂದೆ, ಮೊಣಕಾಲು ನೋವು ಹೇಗಿದೆ, ಅಷ್ಟು ಬರಿ. ಉತ್ತರ ಬರೆಯುತ್ತೇನೋ ಇಲ್ಲವೋ. ಓದಂತೂ ಓದುತ್ತೇನೆ.

ನಿನ್ನ
ಅತ್ತಿಗೆ


ಆಗಸ್ಟ್ ೯

ಪ್ರೀತಿಯ ಅತ್ತಿಗೆಗೆ,

ಮೊಣಕಾಲು ನೋವು ಕಮ್ಮಿಯಾಗಿದೆ. ಮೆಟ್ಟಿಲು ಹತ್ತೋವಾಗ ಮಾತ್ರ ಹಿಡಿಯುತ್ತೆ.

ಹೊಸ ಕನ್ನಡಕ ಬಂತು. ಹಾಕಿಕೊಂಡು ಮನೆಗೆ ಬಂದು ನೋಡಿದರೆ ಎಲ್ಲಿ ನೋಡಿದರೂ ಧೂಳು. ಇಷ್ಟು ದಿನ ನಾನು ಬಲು ಅಚ್ಚುಕಟ್ಟು ಅಂತ ಬೀಗ್ತಿದ್ದೆ. ಭಾನುವಾರ ಪೂರ್ತಿ ಒರೆಸಿದೆ. ಸ್ಟೂಲ್ ಹತ್ತಿದರೂ ಫ್ಯಾನಿನ ರೆಕ್ಕೆ ಎಟುಕಲಿಲ್ಲ. ಅಷ್ಟು ಧೂಳನ್ನ ಅಲ್ಲೇ ಬಿಟ್ಟಿದ್ದೀನಿ.

ಅಡುಗೆಮನೆ ನಲ್ಲಿ ಸೋರ್ತಿತ್ತು. ರಿಪೇರಿಗೆ ಬಂದವನು ವಾಷರ್ ಬದಲಾಯಿಸಿ, "ಇನ್ನು ಹತ್ತು ವರ್ಷ ಯೋಚನೆ ಇಲ್ಲಮ್ಮ" ಅಂದ. ಅವನು ಗೇಟು ದಾಟೋದರೊಳಗೆ ಮತ್ತೆ ಸೋರೋಕೆ ಶುರುವಾಯ್ತು. ಕೆಳಗೊಂದು ಪಾತ್ರೆ ಇಟ್ಟಿದ್ದೀನಿ. ಶಬ್ದಕ್ಕೆ ಅಭ್ಯಾಸ ಆಗಿದೆ.

ಊಟ ಸರಿಯಾಗಿ ಮಾಡ್ತಿದೀನಿ. ತಲೆಗೆ ಎಣ್ಣೆನೂ ಹಚ್ತಿದೀನಿ.

ನಿನ್ನೆ ಆಫೀಸಿಂದ ಬರ್ತಾ ಸೂಜಿ ದಾರ ತಗೊಳ್ಳೋಣ ಅಂತ ಅಂಗಡಿಗೆ ಹೋದೆ. ಗಾಜಿನ ಪೆಟ್ಟಿಗೆಯಲ್ಲಿ ಹಸಿರು ಕಲ್ಲಿನ ಕೂದಲ ಕ್ಲಿಪ್ ಇತ್ತು. ತೋರಿಸಿ ಅಂದೆ. ಅಂಗಡಿಯವಳು, "ಎಷ್ಟು ವಯಸ್ಸಿನ ಹುಡುಗಿಗೆ?" ಅಂದಳು. ಬೆರಳು ಮಡಚಿ ಎಣಿಸಿ, ಹದಿನೆಂಟಕ್ಕೆ ಅಂದೆ. ಹದಿನೆಂಟಕ್ಕೆ ಇದು ಚಿಕ್ಕದಾಯ್ತು ಅಂತ ಬೇರೆ ತೋರಿಸಿದಳು. ಚೆನ್ನಾಗಿದ್ದವು ಅತ್ತಿಗೆ. ಎಲ್ಲಾ ನೋಡಿ, ದಾರ ತಗೊಂಡು ಬಂದೆ. ಮನೆಗೆ ಬಂದು ನೋಡ್ತೀನಿ, ಸೂಜಿ ಮರೆತಿದ್ದೆ.

ಮೋಡ ಕಟ್ಟಿದೆ. ಒಣಗೋಕೆ ಹಾಕಿದ ಬಟ್ಟೆ ತೆಗೀಬೇಕು.

ನಿಮ್ಮ
ಗಿಡ್ಡಿ